ಹಠಮಾರಿ ಎನಿಸಿಕೊಂಡ ಮಗುವಿಗೆ ಶಿಶುವಿಹಾರ ಆರಿಸುವಾಗ

ಸಿಟ್ಟು ಬಂದರೆ ಕಚ್ಚುವ, ಕೈಗೆ ಸಿಕ್ಕಿದ್ದನ್ನು ಎಸೆಯುವ, ಒಮ್ಮೆ ಅಳಲು ತೊಡಗಿದರೆ ಅರ್ಧ ಗಂಟೆ ನಿಲ್ಲಿಸದ ಮಗುವಿಗೆ ಬಳ್ಳಾರಿಯಲ್ಲಿ ಶಿಶುವಿಹಾರ ಹುಡುಕುವ ತಂದೆತಾಯಿಗಳು ಮೊದಲು ಮಗುವಿನ ಕಿವಿ ಮತ್ತು ಮಾತಿನ ಬೆಳವಣಿಗೆಯನ್ನು ಪರೀಕ್ಷೆ ಮಾಡಿಸಬೇಕು. ಸರಿಯಾಗಿ ಕೇಳಿಸದ ಮಗು ಹೇಳಿದ್ದನ್ನು ಮಾಡದಿದ್ದಾಗ ಅದನ್ನು ಮೊಂಡುತನವೆಂದು ತಿಳಿಯುವುದು ಸುಲಭ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಬಂದು ಮಕ್ಕಳನ್ನು ಉಚಿತವಾಗಿ ಪರೀಕ್ಷಿಸಬೇಕೆಂಬ ನಿಯಮವಿದೆ. ಆ ದಿನ ಯಾವುದೆಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ.

ಶಾಲೆ ನೋಡಲು ಹೋದಾಗ ಕಚೇರಿಯಲ್ಲಿ ಕುಳಿತು ಫೀ ವಿಚಾರಿಸಿ ಮರಳಬೇಡಿ. ತರಗತಿಯ ಮೂಲೆಯಲ್ಲಿ ಒಂದು ಗಂಟೆ ಕೂರಲು ಅನುಮತಿ ಕೇಳಿ, ಆಟ ಮುಗಿದು ಊಟಕ್ಕೆ ಕೂರಿಸುವ ಹೊತ್ತನ್ನು ತಪ್ಪದೆ ನೋಡಿ, ಏಕೆಂದರೆ ಇಂತಹ ಮಕ್ಕಳು ಹೆಚ್ಚಾಗಿ ಕೆರಳುವುದು ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗಲೇ. ಒಳ್ಳೆಯ ಶಿಕ್ಷಕಿ ‘ಇನ್ನೊಂದು ಸಲ ಜಾರಿ, ಆಮೇಲೆ ಕೈ ತೊಳೆಯೋಣ’ ಎಂದು ಮೊದಲೇ ತಿಳಿಸುತ್ತಾರೆ. ಒಂದು ಮಗು ಇನ್ನೊಂದನ್ನು ಕಚ್ಚಿದರೆ ನೋವಾದ ಮಗುವನ್ನು ಸಂತೈಸಿ, ಕಚ್ಚಿದ ಮಗುವಿನ ಕೈ ಹಿಡಿದು, ಅದರ ಎತ್ತರಕ್ಕೆ ಕುಳಿತು ಎರಡೇ ಮಾತಿನಲ್ಲಿ ತಿಳಿಹೇಳುತ್ತಾರೆ. ಎಲ್ಲರೆದುರು ನಿಲ್ಲಿಸುವ, ಕೋಣೆಯಲ್ಲಿ ಕೂಡಿಹಾಕುವ ಶಾಲೆಗೆ, ಕಟ್ಟಡ ಎಷ್ಟೇ ಚೆನ್ನಾಗಿರಲಿ, ಮಗುವನ್ನು ಸೇರಿಸಬೇಡಿ. ಮಗುವಿನ ಹೊಣೆ ಹೊತ್ತವರು ಅದನ್ನು ಹಿಂಸಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಡಿ ಅದು ಶಿಕ್ಷಾರ್ಹ ಅಪರಾಧ.

ನಮ್ಮ ಊರಿನಲ್ಲಿ ಭಾಷೆಯ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡುವ ಮೂರು ವರ್ಷದ ಮಗುವಿಗೆ ತರಗತಿಯಲ್ಲಿ ದಿನವಿಡೀ ಇಂಗ್ಲಿಷ್ ಆಜ್ಞೆಗಳೇ ಕೇಳಿಸಿದರೆ, ನೀರು ಬೇಕೆಂದು ಹೇಳಲಾಗದೆ ಅದು ತಟ್ಟೆಯನ್ನು ತಳ್ಳುತ್ತದೆ. ಶಿಕ್ಷಕಿಗೆ ಅಥವಾ ಕನಿಷ್ಠ ಆಯಾಗಾದರೂ ಮಗುವಿನ ಮನೆಮಾತು ಬರುತ್ತದೆಯೇ ಎಂದು ಕೇಳಿ. ಈ ಕಾರಣಕ್ಕಾಗಿಯೇ, ಕಾರ್ಯಕರ್ತೆ ಸಮಾಧಾನದವರಾಗಿದ್ದರೆ, ಮನೆಯ ಹತ್ತಿರದ ಅಂಗನವಾಡಿ ದುಬಾರಿ ಶಾಲೆಗಿಂತ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಕ್ಕಳ ನೋಟ್‌ಬುಕ್‌ಗಳನ್ನೂ ತೆರೆದು ನೋಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ವಯಸ್ಸಿಗೆ ಆಟದ ಮೂಲಕ ಕಲಿಕೆಯನ್ನು ಹೇಳುತ್ತದೆ. ಪುಟಗಟ್ಟಲೆ ಅಕ್ಷರ ತಿದ್ದಿಸಿದ್ದರೆ, ಕೂರಲಾಗದ ಮಗುವಿಗೆ ಅಲ್ಲಿ ಪ್ರತಿದಿನವೂ ಬೈಗುಳವೇ ಸಿಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು, ಆದ್ದರಿಂದ ತಗಡಿನ ಚಾವಣಿಯಿದೆಯೇ, ಅಂಗಳದಲ್ಲಿ ನೆರಳಿದೆಯೇ ಎಂಬುದನ್ನು ಪರಿಶೀಲಿಸಿ. ವ್ಯಾನಿನಲ್ಲಿ ಊರೆಲ್ಲ ಸುತ್ತಿ ಬರುವ ಮಗು ಶಾಲೆ ತಲುಪುವ ಮೊದಲೇ ಬಳಲಿರುತ್ತದೆ.

ಸೇರಿಸಿಕೊಳ್ಳಲಿಕ್ಕಿಲ್ಲವೆಂಬ ಭಯದಿಂದ ಮಗುವಿನ ಸ್ವಭಾವವನ್ನು ಮುಚ್ಚಿಡಬೇಡಿ. ಯಾವುದರಿಂದ ಕೆರಳುತ್ತದೆ, ಏನು ಮಾಡಿದರೆ ಸಮಾಧಾನವಾಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. ‘ಬಿಟ್ಟುಹೋಗಿ, ನಾವು ದಾರಿಗೆ ತರುತ್ತೇವೆ’ ಎನ್ನುವವರಿಗಿಂತ, ಅದನ್ನು ಓದಿ ನಿಮಗೇ ಮರುಪ್ರಶ್ನೆ ಹಾಕುವ ಮುಖ್ಯಶಿಕ್ಷಕಿಯನ್ನು ನಂಬಿ. ಮೊದಲ ವಾರ ದಿನಕ್ಕೆ ಒಂದೇ ಗಂಟೆ ಕಳುಹಿಸಿ, ತಾಯಿಯೋ ಅಜ್ಜಿಯೋ ವರಾಂಡದಲ್ಲಿ ಕುಳಿತಿರಲು ಒಪ್ಪಿಗೆ ಪಡೆದು, ನಂತರ ಸಮಯವನ್ನು ಹೆಚ್ಚಿಸುತ್ತ ಹೋಗಿ. ಮಗು ಹೊಂದಿಕೊಳ್ಳುವವರೆಗೆ ಇಡೀ ವರ್ಷದ ಫೀ ಕಟ್ಟಬೇಡಿ. ಕಟ್ಟಲೇಬೇಕೆಂದರೆ, ಮಧ್ಯದಲ್ಲಿ ಬಿಡಿಸಿದರೆ ಎಷ್ಟು ಹಣ ಹಿಂದಿರುಗಿಸುತ್ತಾರೆಂಬುದನ್ನು ರಸೀದಿಯ ಮೇಲೆಯೇ ಬರೆಸಿಕೊಳ್ಳಿ.