ಮುಂದಿನ ನಿಲ್ದಾಣ ತೋರಿಸುವ ಹಳೆಯ ಟ್ರಾಮ್ ಪೆಟ್ಟಿಗೆ: ಮಾಡುವುದು ಹೇಗೆ?

ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಒಂದು ಮಾದರಿಯನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ರಟ್ಟಿನ ರೈಲು ಡಬ್ಬಿ, ಒಳಗೆ ಎರಡು ಉರುಳೆಗಳು, ಅವುಗಳಿಗೆ ಸುತ್ತಿದ ಉದ್ದನೆಯ ಕಾಗದ, ಕಾಗದದ ಮೇಲೆ ನಿಲ್ದಾಣಗಳ ಹೆಸರು. ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ಹೊಸ ಹೆಸರು ಬರಬೇಕು. ಮೊದಲನೆಯದು ಕಿಟಕಿಯ ನಡುವೆ ಅಚ್ಚುಕಟ್ಟಾಗಿ ನಿಲ್ಲುತ್ತದೆ. ಮೂರನೆಯದರ ತಲೆ ಕತ್ತರಿಸಿಹೋಗಿರುತ್ತದೆ. ಆರನೆಯದರ ಹೊತ್ತಿಗೆ ಎರಡು ಹೆಸರುಗಳ ನಡುವಿನ ಖಾಲಿ ಜಾಗವೇ ಎದುರಿಗೆ ಬಂದು ನಿಂತಿರುತ್ತದೆ. ಮಗು ಬೆರಳಿನಿಂದ ಕಾಗದವನ್ನು ಸರಿಪಡಿಸುತ್ತಾ ಕಣ್ಣು ತಗ್ಗಿಸುತ್ತದೆ. ತಪ್ಪು ಮಗುವಿನದಲ್ಲ, ಕಾರಣವನ್ನು ಯಾರೂ ಹೇಳಿಕೊಟ್ಟಿಲ್ಲ. ಅದಕ್ಕಾಗಿಯೇ ಈ ಲೇಖನ.

ನ್ಯೂಯಾರ್ಕಿನ ಬೀದಿಯಲ್ಲಿ ಮೊದಲ ಕುದುರೆ ಟ್ರಾಮ್, ಅಂದರೆ ಬೀದಿಯ ಹಳಿಗಳ ಮೇಲೆ ಕುದುರೆ ಎಳೆಯುವ ಗಾಡಿ, ಓಡಿದ್ದು 1832ರಲ್ಲಿ. ಅಮೆರಿಕದ ಎಂಜಿನಿಯರ್ ಫ್ರಾಂಕ್ ಸ್ಪ್ರೇಗ್ ಅವರ ವಿದ್ಯುತ್ ಟ್ರಾಮ್‌ಗಳು ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ 1888ರಲ್ಲಿ ಓಡತೊಡಗಿದವು. ಆ ಕಾಲದಲ್ಲಿ ಮುಂದಿನ ಬೀದಿಯ ಹೆಸರನ್ನು ಕಂಡಕ್ಟರ್ ಗಂಟಲು ಹರಿಯುವಂತೆ ಕೂಗಬೇಕಿತ್ತು. ಚಕ್ರದ ಸದ್ದಿನಲ್ಲಿ ಅದು ಕೇಳಿಸುತ್ತಿರಲಿಲ್ಲ, ಊರಿಗೆ ಹೊಸಬರಾದವರಿಗೆ ಕೇಳಿಸಿದರೂ ತಿಳಿಯುತ್ತಿರಲಿಲ್ಲ. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ‘ನಿಲ್ದಾಣ ಸೂಚಕ’ಗಳಿಗೆ ಪೇಟೆಂಟ್‌ಗಳು ಒಂದರ ಹಿಂದೆ ಒಂದು ಬಂದವು. ಗಾಡಿಯೊಳಗೆ ಎಲ್ಲರಿಗೂ ಕಾಣುವಂತೆ ಗಾಜಿನ ಮುಖದ ಪೆಟ್ಟಿಗೆ, ಅದರೊಳಗೆ ಹೆಸರುಗಳ ಪಟ್ಟಿ, ಹೆಸರು ಬದಲಾದಾಗ ಬಾರಿಸುವ ಗಂಟೆ. ಇಂದು ನಮ್ಮ ಮೆಟ್ರೊದಲ್ಲಿ ‘ಮುಂದಿನ ನಿಲ್ದಾಣ’ ಎಂದು ಧ್ವನಿ ಹೇಳುವ ಕೆಲಸವನ್ನು ಅಂದು ಮರ, ಬಟ್ಟೆ, ಸ್ಪ್ರಿಂಗುಗಳೇ ಮಾಡಬೇಕಿತ್ತು.

ಪಟ್ಟಿಯನ್ನು ಮುಂದಕ್ಕೆ ಸರಿಸಲು ಮುಖ್ಯವಾಗಿ ಮೂರು ದಾರಿಗಳಿದ್ದವು. ಕಂಡಕ್ಟರ್ ಹಗ್ಗ ಎಳೆಯುವುದು ಮೊದಲನೆಯದು. ಹಳಿಯ ಪಕ್ಕದಲ್ಲಿ ನೆಟ್ಟ ಗೂಟಕ್ಕೆ ಗಾಡಿಯಿಂದ ಇಳಿಬಿದ್ದ ಸನ್ನೆ (ಲಿವರ್) ತಗುಲುವುದು ಎರಡನೆಯದು. ಮೂರನೆಯದು ಚಕ್ರದ ಅಚ್ಚಿನಿಂದಲೇ ಹಲ್ಲುಚಕ್ರಗಳ ಮೂಲಕ ಪಟ್ಟಿಯನ್ನು ನಡೆಸುವುದು. ಮಕ್ಕಳಿಗೆ ಬಹಳ ಇಷ್ಟವಾಗುವುದು ಈ ಮೂರನೆಯದೇ, ಏಕೆಂದರೆ ಅದರಲ್ಲಿ ಯಾರ ಕೈಯೂ ಬೇಡ. ದಯವಿಟ್ಟು ಅದನ್ನು ಆರಿಸಿಕೊಳ್ಳಬೇಡಿ. ಲೆಕ್ಕ ನೋಡಿ: 33 ಅಂಗುಲ ವ್ಯಾಸದ ಚಕ್ರ ಒಂದು ಮೈಲಿಗೆ ಸುಮಾರು 611 ಸುತ್ತು ಉರುಳುತ್ತದೆ. ಹಳಿಯ ಮೇಲೆ ಉಜ್ಜಿ ಉಜ್ಜಿ ವ್ಯಾಸ ಅರ್ಧ ಅಂಗುಲ ಸವೆದರೆ ಅದೇ ಮೈಲಿಗೆ ಸುಮಾರು 621 ಸುತ್ತು. ಪೆಟ್ಟಿಗೆ ಸುತ್ತುಗಳನ್ನು ಮಾತ್ರ ಎಣಿಸುತ್ತದೆ, ಸವೆತ ಅದಕ್ಕೆ ತಿಳಿಯದು. ಹತ್ತು ಮೈಲಿಯ ಮಾರ್ಗದ ಕೊನೆಯಲ್ಲಿ ಹೆಸರು ಸುಮಾರು 800 ಅಡಿ ಮೊದಲೇ ಬದಲಾಗಿಬಿಡುತ್ತದೆ. ಬ್ರೇಕ್ ಬಿಗಿದು ಚಕ್ರ ತಿರುಗದೆ ಜಾರಿದರೆ ಅಷ್ಟು ದೂರದ ಲೆಕ್ಕವೇ ತಪ್ಪಿಹೋಗುತ್ತದೆ. ಮೋಟಾರಿಗೆ ಟೈಮರ್ ಕಟ್ಟಿದ ಮಾದರಿಗಳು ಇದಕ್ಕಿಂತಲೂ ಕೆಟ್ಟವು. ಕುದುರೆ ದಣಿದು ನಿಂತರೂ ಟೈಮರ್ ನಿಲ್ಲುವುದಿಲ್ಲ. ಅಂಗಡಿಯವರು ಕೊಡುವ ಸಿದ್ಧ ಮೋಟಾರ್ ಪೊಟ್ಟಣಕ್ಕೆ ಹಣ ಸುರಿಯುವ ಬದಲು ಒಂದು ಗಟ್ಟಿ ದಾರ ಕೊಳ್ಳಿ. ನಮ್ಮ ಮಾದರಿಗೆ ಎಳೆಯುವ ದಾರವೇ ಸರಿ.

ಈಗ ಕೆಲಸಕ್ಕೆ ಬರೋಣ. ಪೆಟ್ಟಿಗೆಗೆ 12 ಮಿ.ಮೀ. ಪ್ಲೈವುಡ್ ಬಳಸಿ, ಒಳಗಿನ ಅಳತೆ 42 ಸೆಂ.ಮೀ. ಎತ್ತರ, 20 ಅಗಲ, 11 ಆಳ ಇರಲಿ. ಮುಂಭಾಗದ ಮೇಲ್ತುದಿಯಲ್ಲಿ 16 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರದ ಕಿಟಕಿ ಕೊಯ್ದು ಪಾರದರ್ಶಕ ಅಕ್ರಿಲಿಕ್ ಹಾಳೆ ಕೂರಿಸಿ. ಬಡಗಿಯಿಂದ ಇಷ್ಟು ಮಾಡಿಸಿಕೊಂಡರೂ ತಪ್ಪಿಲ್ಲ.

ಮುಂದಿನದೇ ಎಲ್ಲರೂ ಎಡವುವ ಜಾಗ. ಸುರುಳಿಯ ಉರುಳೆಯನ್ನು ತಿರುಗಿಸಿ ಹೆಸರು ಬದಲಿಸಲು ಹೋದರೆ ಸೋಲು ಖಂಡಿತ, ಏಕೆಂದರೆ ಉರುಳೆ ಸುತ್ತಿಸಿಕೊಂಡಷ್ಟೂ ದಪ್ಪವಾಗುತ್ತದೆ. 2 ಸೆಂ.ಮೀ. ವ್ಯಾಸದ ಬರಿ ಉರುಳೆ ಒಂದು ಸುತ್ತಿಗೆ 6.3 ಸೆಂ.ಮೀ. ಎಳೆಯುತ್ತದೆ. 0.3 ಮಿ.ಮೀ. ದಪ್ಪದ ಬಟ್ಟೆ ಅದರ ಮೇಲೆ ಹತ್ತು ಸುತ್ತು ಕೂತ ಬಳಿಕ ಅದೇ ಒಂದು ಸುತ್ತಿಗೆ 8.2 ಸೆಂ.ಮೀ. ಎಳೆಯುತ್ತದೆ. ಹೆಸರುಗಳು ಕಿಟಕಿಯಿಂದ ಜಾರುವುದು ಇದರಿಂದಲೇ. ಎಷ್ಟು ಶ್ರದ್ಧೆಯಿಂದ ತಿರುಗಿಸಿದರೂ ಇದು ಸರಿಹೋಗುವುದಿಲ್ಲ.

ಪರಿಹಾರ ಇಷ್ಟೇ: ಸುರುಳಿಯನ್ನು ಕೈಬಿಡಿ. ಎರಡೂ ತುದಿ ಸೇರಿಸಿ ಹೊಲಿದ ಕೊನೆಯಿಲ್ಲದ ಪಟ್ಟಿ ಮಾಡಿ, ಅದನ್ನು ಚೌಕ ದಿಂಡಿನ ಮೇಲೆ ಹಾಕಿ. ದಿಂಡಿನ ಪ್ರತಿ ಮುಖ 6 ಸೆಂ.ಮೀ., ಪಟ್ಟಿಯ ಪ್ರತಿ ಮನೆಯೂ, ಅಂದರೆ ಒಂದು ಹೆಸರು ಬರೆಯುವ ಜಾಗವೂ, 6 ಸೆಂ.ಮೀ. ದಿಂಡು ಕಾಲು ಸುತ್ತು ತಿರುಗಿದರೆ ಒಂದು ಹೆಸರು ಹೋಗಿ ಇನ್ನೊಂದು ಬರುತ್ತದೆ. ದಪ್ಪವಾಗುವ ಪ್ರಶ್ನೆಯೇ ಇಲ್ಲ.

ದಿಂಡಿಗೆ ಸಿಲ್ವರ್ ಓಕ್‌ನ ಒಣಗಿದ ತುಂಡು ಬೇಕು, ಉದ್ದ 18 ಸೆಂ.ಮೀ. ಥರ್ಮೊಕೋಲ್ ಬೇಡವೇ ಬೇಡ, ಎರಡು ದಿನದಲ್ಲಿ ಅದರ ಅಂಚು ನುಜ್ಜಾಗಿ ಚೌಕ ದುಂಡಾಗುತ್ತದೆ. ನಟ್ಟನಡುವೆ 8 ಮಿ.ಮೀ. ಸರಳು ತೂರಿಸಿ, ಅದೇ ದಿಂಡಿನ ಅಚ್ಚು. ರಂಧ್ರ ನಡುಬಿಂದುವಿನಿಂದ ಸರಿದರೆ ನಾಲ್ಕು ಮುಖಗಳೂ ನಾಲ್ಕು ಕಡೆ ನಿಲ್ಲುತ್ತವೆ, ಆದ್ದರಿಂದ ಎರಡೂ ತುದಿಯಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಅವು ಕೂಡುವಲ್ಲಿ ಗುರುತು ಮಾಡಿ, ಆಮೇಲೆ ಕೊರೆಯಿರಿ. ಇನ್ನೊಂದು ಎಚ್ಚರಿಕೆ: ದಿಂಡಿನ ಮುಖ ಅಚ್ಚಿನಿಂದ 3 ಸೆಂ.ಮೀ. ದೂರದಲ್ಲಿದ್ದರೂ ತಿರುಗುವಾಗ ಮೂಲೆ 4.25 ಸೆಂ.ಮೀ. ತನಕ ಚಾಚುತ್ತದೆ. ಅಚ್ಚನ್ನು ಕಿಟಕಿಯ ಹಾಳೆಯಿಂದ 5 ಸೆಂ.ಮೀ. ಹಿಂದಕ್ಕೆ ಇಡಿ. ಚೆನ್ನಾಗಿ ಕಾಣಲೆಂದು ಹತ್ತಿರ ತಂದವರ ಹಾಳೆಯ ಮೇಲೆಲ್ಲ ಗೀರುಗಳನ್ನು ಕಂಡಿದ್ದೇನೆ.

ಪಟ್ಟಿಗೆ ಪುಸ್ತಕ ಬೈಂಡಿಂಗ್‌ನವರು ಬಳಸುವ ಕ್ಯಾಲಿಕೊ ಬಟ್ಟೆಯೇ ನನ್ನ ಆಯ್ಕೆ. ಮನೆಯ ಹಳೆಯ ಪಂಚೆಯಾದರೆ ದಪ್ಪ ಗಂಜಿ ಹಾಕಿ ಇಸ್ತ್ರಿ ಮಾಡಿ. ಬಟ್ಟೆಗೂ ದಪ್ಪವಿರುವುದರಿಂದ ಮೂಲೆ ಸುತ್ತುವಾಗ ಪ್ರತಿ ಹೆಜ್ಜೆಗೂ ಹೆಚ್ಚುಕಡಿಮೆ ಕಾಲು ಮಿಲಿಮೀಟರ್ ಜಾಸ್ತಿ ಸರಿಯುತ್ತದೆ, ಹದಿನಾಲ್ಕು ಹೆಜ್ಜೆಗೆ ಮೂರು ಮಿಲಿಮೀಟರ್ ದಾಟುತ್ತದೆ. ಆದ್ದರಿಂದ ದಿಂಡಿನ ಪ್ರತಿ ಮುಖದ ನಡುಮಟ್ಟದಲ್ಲಿ, ಎಡಬಲ ಅಂಚುಗಳ ಹತ್ತಿರ, ತಲೆ ಕತ್ತರಿಸಿದ ಮೊಳೆಗಳನ್ನು 3 ಮಿ.ಮೀ. ಹೊರಚಾಚುವಂತೆ ಹೊಡೆದು ತುದಿಯನ್ನು ಅರದಿಂದ ದುಂಡಗೆ ಮಾಡಿ. ಪಟ್ಟಿಯ ಪ್ರತಿ ಮನೆಗೂ ಅವಕ್ಕೆ ಹೊಂದುವ ಎರಡು ತೂತುಗಳು, ಮೊಳೆಗಿಂತ ಸ್ವಲ್ಪ ದೊಡ್ಡವು. ಉಜ್ಜುಕಾಗದದಿಂದ ದಿಂಡನ್ನು ತುಸುವೇ ಸಣ್ಣದಾಗಿಸಿದರೆ ಪಟ್ಟಿ ಮೊಳೆಗಳಿಗೆ ತಾನಾಗಿ ಹೊಂದಿಕೊಳ್ಳುತ್ತದೆ. ತುದಿಗಳನ್ನು ಎರಡು ಮನೆಗಳ ನಡುವಿನ ಗೆರೆಯಲ್ಲೇ ಸೂಜಿಯಿಂದ ಹೊಲಿಯಿರಿ. ಸೆಲ್ಲೊಟೇಪ್ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ.

ಪಟ್ಟಿಯ ಕೆಳಮಡಿಕೆಯೊಳಗೆ ಒಂದು ದುಂಡು ಉರುಳೆ ಭಾರವಾಗಿ ತೂಗಬೇಕು. ಇದನ್ನು ಗಟ್ಟಿಯಾಗಿ ಬಿಗಿಯಬೇಡಿ! ಚೌಕ ತಿರುಗುವಾಗ ಪಟ್ಟಿ ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗುತ್ತದೆ. ಉರುಳೆಯ ಸರಳು ಮೇಲೆ ಕೆಳಗೆ ಜಾರಲು ಎರಡೂ ಪಕ್ಕದಲ್ಲಿ 3 ಸೆಂ.ಮೀ. ಉದ್ದದ ಸೀಳು ಕೊಯ್ಯಿರಿ. ಇದನ್ನು ಮರೆತರೆ ದಿಂಡು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

ದಿಂಡು ಮುಖ ಕೊಟ್ಟು ನೆಟ್ಟಗೆ ನಿಲ್ಲುವಂತೆ ಮಾಡಲು ಮಡಚುವ ಚಾಕುವಿನ ಉಪಾಯ ಸಾಕು. ಅಚ್ಚಿನ ಒಂದು ಕೊನೆಗೆ, ಪೆಟ್ಟಿಗೆಯ ಹೊರಗೆ, ಚಿಕ್ಕ ಚೌಕ ಮರದ ತುಂಡನ್ನು ದಿಂಡಿನ ಮುಖಗಳಿಗೆ ಸರಿಹೊಂದಿಸಿ ಬಿಗಿಯಿರಿ. ಅದರ ಸಮತಟ್ಟಾದ ಬದಿಯನ್ನು ಹ್ಯಾಕ್ಸಾ ಬ್ಲೇಡಿನ ಒಂದು ತುಂಡು ಒತ್ತಿ ಹಿಡಿಯಲಿ. ಕಾಲು ಸುತ್ತಿನ ಅರ್ಧಕ್ಕಿಂತ ತುಸು ಹೆಚ್ಚು ತಿರುಗಿಸಿದರೆ ಸಾಕು, ಉಳಿದದ್ದನ್ನು ಬ್ಲೇಡೇ ‘ಚಟ್’ ಎಂದು ಪೂರೈಸುತ್ತದೆ. ಇನ್ನೊಂದು ಕೊನೆಯಲ್ಲಿ ನಾಲ್ಕು ಗೂಟಗಳಿರುವ ಬಿಲ್ಲೆ, ಪಕ್ಕದಲ್ಲಿ ಸನ್ನೆ, ಸನ್ನೆಗೆ ಒಂದೇ ಕಡೆಗೆ ಮಡಚಿಕೊಳ್ಳುವ ಕೊಕ್ಕೆ. ದಾರ ಎಳೆದಾಗ ಕೊಕ್ಕೆ ಗೂಟವನ್ನು ದೂಡುತ್ತದೆ, ಬಿಟ್ಟಾಗ ರಬ್ಬರ್ ಬ್ಯಾಂಡ್ ಸನ್ನೆಯನ್ನು ಹಿಂದಕ್ಕೆ ತರುತ್ತದೆ, ಕೊಕ್ಕೆ ಮುಂದಿನ ಗೂಟವನ್ನು ಸವರಿ ಅದರ ಹಿಂದೆ ಕೂರುತ್ತದೆ. ಸನ್ನೆ ಸುಮಾರು 70 ಡಿಗ್ರಿಗಿಂತ ಹೆಚ್ಚು ಹೋಗದಂತೆ ಒಂದು ತಡೆಮೊಳೆ ಹೊಡೆಯಲೇಬೇಕು. ಇಲ್ಲದಿದ್ದರೆ ಉತ್ಸಾಹದಿಂದ ಎಳೆದವರ ಕೈಯಲ್ಲಿ ಎರಡು ನಿಲ್ದಾಣಗಳು ಒಟ್ಟಿಗೆ ದಾಟಿಹೋಗುತ್ತವೆ. ಅಲ್ಲಿಂದ ಮುಂದೆ ಪೆಟ್ಟಿಗೆ ಹೇಳುವುದೆಲ್ಲ ಸುಳ್ಳು.

ಗಂಟೆಗೆ ಸೈಕಲ್ ಬೆಲ್ಲಿನ ಬಟ್ಟಲು. ಅದೇ ಬಿಲ್ಲೆಯ ಗೂಟ ಒಂದು ಸ್ಪ್ರಿಂಗ್ ಪಟ್ಟಿಯನ್ನು ಎತ್ತಿ ಬಿಡುವಂತೆ ಜೋಡಿಸಿ. ಪಟ್ಟಿಯ ತುದಿಯ ಮಣಿ ವಿಶ್ರಾಂತಿಯಲ್ಲಿರುವಾಗ ಬಟ್ಟಲಿನಿಂದ 2 ಮಿ.ಮೀ. ದೂರವಿರಲಿ. ತಗುಲಿಕೊಂಡೇ ಇದ್ದರೆ ನಾದ ಹೊರಡದೆ ‘ಠಕ್’ ಎನ್ನುತ್ತದೆ.

ಹೆಸರುಗಳನ್ನು ಬರೆಯುವ ಮುನ್ನ ಹಿಂತಿರುಗುವ ಪ್ರಯಾಣವನ್ನು ಯೋಚಿಸಿ. ನ್ಯೂಯಾರ್ಕಿನ ಥರ್ಡ್ ಅವೆನ್ಯೂವನ್ನು ಅಡ್ಡಹಾಯುವ 14, 23, 34, 42, 59, 86, 116, 125ನೇ ಬೀದಿಗಳನ್ನು ನಾನು ಆರಿಸಿಕೊಂಡಿದ್ದೇನೆ. ಹೋಗುವಾಗ ಎಂಟು ಹೆಸರು. ಬರುವಾಗ 116ರಿಂದ 23ರವರೆಗೆ ಆರು. ಒಟ್ಟು 14 ಮನೆ, ಪಟ್ಟಿಯ ಉದ್ದ 84 ಸೆಂ.ಮೀ. ನಿಮ್ಮ ಮಾರ್ಗದಲ್ಲಿ ಎಷ್ಟೇ ನಿಲ್ದಾಣಗಳಿರಲಿ, ಎರಡರಿಂದ ಗುಣಿಸಿ ಎರಡು ಕಳೆಯಿರಿ. ಮನೆಗಳು ಹೆಚ್ಚಾದರೆ ಪೆಟ್ಟಿಗೆಯ ಎತ್ತರವೂ ಹೆಚ್ಚಬೇಕು. ಹೀಗೆ ಬರೆದ ಪಟ್ಟಿಯನ್ನು ಎಂದೂ ಹಿಂದಕ್ಕೆ ತಿರುಗಿಸಬೇಕಾಗಿಲ್ಲ. ಅಕ್ಷರ ದಪ್ಪವಾಗಿರಲಿ, ಬಿಳಿಯ ಮೇಲೆ ಕಪ್ಪು. ಬಣ್ಣಗಳನ್ನು ಬೆರೆಸಬೇಡಿ, ದೀಪದ ಮಂದ ಬೆಳಕಿನಲ್ಲಿ ಓದಬೇಕಾದದ್ದು ಅದು.

ತೋರಿಸುವಾಗ 14ನೇ ಬೀದಿಯನ್ನು ಕಿಟಕಿಗೆ ತಂದು ಶುರುಮಾಡಿ. ಗಾಡಿ ಹೊರಟು ಎರಡು ನಿಲ್ದಾಣಗಳ ನಡುವೆ ಬಂದಾಗ ದಾರ ಎಳೆಯಿರಿ, ತಲುಪಿದ ಮೇಲಲ್ಲ. ಗಂಟೆ ಕೇಳಿ ತಲೆಯೆತ್ತಿದವರಿಗೆ ಗಂಟುಮೂಟೆ ಎತ್ತಿಕೊಳ್ಳಲು ಸಮಯ ಸಿಗಬೇಕು. ಇಳಿಯುವವರೂ ಹತ್ತುವವರೂ ಇಲ್ಲದೆ ಗಾಡಿ ನಿಲ್ಲದೇ ಹೋದ ಬೀದಿಗೂ ದಾರ ಎಳೆಯಲೇಬೇಕು. ಏಳು ಸಲ ಎಳೆದಾಗ 125, ಇನ್ನೇಳು ಸಲ ಎಳೆದಾಗ ಮತ್ತೆ 14 ಬರಬೇಕು. ಪ್ರದರ್ಶನದ ಹಿಂದಿನ ದಿನ ಈ ಪೂರ್ತಿ ಸುತ್ತನ್ನು ಇಪ್ಪತ್ತು ಸಲ ನಡೆಸಿ ನೋಡಿ. ಹೊಲಿಗೆ ಇರುವ ಮನೆಯನ್ನು ಬಿಡದೆ ಗಮನಿಸಿ, ಪಟ್ಟಿ ಮೊಳೆಯಿಂದ ಕಳಚಿಕೊಳ್ಳುವುದು ಮೊದಲು ಅಲ್ಲಿಯೇ.