ಮೈಸೂರಿಗೆ ಹೊಸದಾಗಿ ಬಂದಿರಾ? ಆಸ್ಪತ್ರೆಯ ಕಾಗದಪತ್ರ ಈಗಲೇ ನೋಡಿಕೊಳ್ಳಿ

ಬಾಡಿಗೆ ಮನೆ ಸಿಕ್ಕಿ, ಹಾಲು ಉಕ್ಕಿಸಿ, ಮಕ್ಕಳನ್ನು ಶಾಲೆಗೆ ಸೇರಿಸಿದ್ದಾಯಿತು. ಹೆಬ್ಬಾಳ, ಕೂರ್ಗಳ್ಳಿಯ ಕಾರ್ಖಾನೆಗಳನ್ನು ನಂಬಿ ಬರುವ ಎಷ್ಟೋ ಕುಟುಂಬಗಳು ಆಸ್ಪತ್ರೆಯ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳುತ್ತವೆ. ನಡುರಾತ್ರಿ ಜ್ವರದ ಮಗುವನ್ನು ಎತ್ತಿಕೊಂಡು ಓಡುವಾಗ ಪಡಿತರ ಚೀಟಿ ಊರಿನ ಟ್ರಂಕಿನಲ್ಲಿ ಇರುತ್ತದೆ.

ಮೊದಲು ಆ ಚೀಟಿ ತರಿಸಿ, ಅದರಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಓದಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) ಶೇ 30 ಸಿಗುತ್ತದೆ, ಮಿತಿ 1.5 ಲಕ್ಷ. ಚೀಟಿಯ ವಿಳಾಸ ರಾಯಚೂರಿನದ್ದಾದರೂ ಇಲ್ಲಿ ನಡೆಯುತ್ತದೆ. ತೊಡಕು ಬರುವುದು ಹೆಸರಿನಲ್ಲಿ: ಹೊಸದಾಗಿ ಬಂದ ಸೊಸೆ, ಎರಡು ವರ್ಷದ ಮಗು ಚೀಟಿಯಲ್ಲಿ ಇರುವುದೇ ಇಲ್ಲ. ತಿದ್ದುಪಡಿಗೆ ಅವಕಾಶ ಸಿಕ್ಕ ಕೂಡಲೇ ಸೇರಿಸಿ.

ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಇಲ್ಲಿ ಕೆ.ಆರ್. ಆಸ್ಪತ್ರೆ, ಹೆರಿಗೆಗೂ ಮಕ್ಕಳಿಗೂ ಚೆಲುವಾಂಬ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮಿಮ್ಸ್. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಪತ್ರ ಕೇಳಿ ಪಡೆದು, ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಉದ್ದ ಸಾಲಿಗೆ ಬೇಸತ್ತು ಪತ್ರವಿಲ್ಲದೆ ಹೋದವರು ಪೂರ್ತಿ ಬಿಲ್ ತಾವೇ ಕಟ್ಟಿದ್ದನ್ನು ಕಂಡಿದ್ದೇನೆ. ಆ ಸಾಲಿನಲ್ಲಿ ನಿಂತ ಅರ್ಧ ದಿನಕ್ಕೆ ಬೆಲೆ ಇದೆ. ಜೀವಕ್ಕೆ ಅಪಾಯವಿರುವ ತುರ್ತು ಸ್ಥಿತಿಗೆ ಈ ಪತ್ರ ಬೇಕಿಲ್ಲ.

ಸಂಬಳ ತಿಂಗಳಿಗೆ 21,000 ರೂಪಾಯಿ ಮೀರದಿದ್ದರೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದೆಯೇ ಎಂದು ಕಾರ್ಖಾನೆಯಲ್ಲಿ ಕೇಳಿ. 15,000 ಸಂಬಳಕ್ಕೆ ಕಡಿತವಾಗುವುದು ಸುಮಾರು 113 ರೂಪಾಯಿ. ಹೆಂಡತಿ, ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ಹಳೆಯ ಊರಿನ ಇಎಸ್‌ಐ ಡಿಸ್ಪೆನ್ಸರಿಯನ್ನು ಇಲ್ಲಿಗೆ ಬದಲಿಸಿಕೊಳ್ಳಿ.

ಇವೆರಡೂ ಇಲ್ಲದವರು ಖಾಸಗಿ ಪಾಲಿಸಿ ಮಾಡಿಸುವಾಗ ಕಂತಿನ ಜತೆಗೆ ಕೊಠಡಿ ಬಾಡಿಗೆಯ ಮಿತಿಯನ್ನೂ ನೋಡಲೇಬೇಕು. 3 ಲಕ್ಷದ ಪಾಲಿಸಿಯಲ್ಲಿ ಮಿತಿ ವಿಮಾ ಮೊತ್ತದ ಶೇ 1 ಎಂದಿದ್ದರೆ ದಿನಕ್ಕೆ 3,000 ರೂಪಾಯಿ. 6,000 ರೂಪಾಯಿಯ ಕೊಠಡಿ ಹಿಡಿದು, ಮಿಕ್ಕ 3,000 ಕೈಯಿಂದ ಕಟ್ಟಿದರೆ ಮುಗಿಯಿತು ಎಂದುಕೊಳ್ಳಬೇಡಿ. ಮಿತಿ ಕೊಠಡಿ ಬಾಡಿಗೆಯ ಅರ್ಧದಷ್ಟೇ ಇರುವುದರಿಂದ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕದಲ್ಲೂ ಅರ್ಧವನ್ನೇ ವಿಮಾ ಕಂಪನಿ ಕೊಡಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಮುಚ್ಚಿಡದೆ ಬರೆಸಿ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಹೆಚ್ಚೆಂದರೆ 3 ವರ್ಷ. ಪಾಲಿಸಿ ಕೈಸೇರಿದ ಮೇಲೆ ಕನ್ನಡಕ ಹಾಕಿಕೊಂಡು ಕೂತು ಓದಿ. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹಿಂದಿರುಗಿಸಬಹುದು.