ಸ್ಪೀಕರ್, ಸಬ್‌ವೂಫರ್, ಹೆಡ್‌ಫೋನ್ ಆಂಪ್ಲಿಫೈಯರ್: ಯಾವ ತಂತಿ ಎಲ್ಲಿಗೆ?

ದಾವಣಗೆರೆಯ ಗೆಳೆಯರೇ, ಈ ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು ತಂತಿ ಎಲ್ಲಿಗೆ ಸೇರಿಸಬೇಕೆಂದು ಕೇಳಿದವರಿಗಾಗಿ ಬರೆಯುತ್ತಿದ್ದೇನೆ. ವಿನೋಬನಗರದ ನಮ್ಮ ಮನೆಯಲ್ಲಿ ಎರಡು ಭಾನುವಾರ ಇದಕ್ಕೇ ಹೋದವು.

ಮೊದಲು ಹೆಡ್‌ಫೋನ್ ಆಂಪ್ಲಿಫೈಯರ್‌ನ ಹಿಂಬದಿ ನೋಡಿ. ಆರ್‌ಸಿಎ ಜೋಡಿಯ (ಕೆಂಪು, ಬಿಳಿ ಬಣ್ಣದ ದುಂಡನೆಯ ಸಾಕೆಟ್‌ಗಳು) ಪಕ್ಕ ‘ಪ್ರೀ ಔಟ್’, ಅಂದರೆ ಸ್ಪೀಕರ್ ಕಡೆಗೆ ಸಿಗ್ನಲ್ ಕಳಿಸುವ ಔಟ್, ಎಂದಿದ್ದರೆ ಅರ್ಧ ಕೆಲಸ ಮುಗಿದಂತೆ. ಕಂಪ್ಯೂಟರ್‌ನಿಂದ ಆಂಪ್ಲಿಫೈಯರ್‌ನ ಇನ್‌ಗೆ, ಅದರ ಪ್ರೀ ಔಟ್‌ನಿಂದ ಸಬ್‌ವೂಫರ್‌ನ (ಆಳದ ದನಿಗೆಂದೇ ಇರುವ ಪೆಟ್ಟಿಗೆ) ‘ಲೈನ್ ಇನ್’ಗೆ, ಸಬ್‌ವೂಫರ್‌ನ ‘ಲೈನ್ ಔಟ್’ನಿಂದ ಸ್ಪೀಕರ್‌ಗೆ (ಕರೆಂಟ್‌ಗೆ ಹಾಕುವ, ಒಳಗೇ ಆಂಪ್ಲಿಫೈಯರ್ ಇರುವ ಸ್ಪೀಕರ್). ಹೆಡ್‌ಫೋನ್ ಆಂಪ್ಲಿಫೈಯರ್‌ನ ಒಂದೇ ಗುಂಡಿ ತಿರುಗಿಸಿದರೆ ಸಬ್‌ವೂಫರ್, ಸ್ಪೀಕರ್ ಎರಡರ ಧ್ವನಿಯೂ ಜೊತೆಯಾಗಿ ಏರಿಳಿಯುತ್ತದೆ.

ಸಬ್‌ವೂಫರ್‌ಗೆ ಔಟ್ ಇಲ್ಲದಿದ್ದರೆ ವೈ ಕೇಬಲ್‌ನಿಂದ ಒಂದು ಔಟನ್ನು ಎರಡು ಕಡೆಗೆ ಹಂಚಬಹುದು. ಆದರೆ ಎರಡು ಉಪಕರಣಗಳ ಔಟ್‌ಗಳನ್ನು ಅದೇ ಕೇಬಲ್‌ನಿಂದ ಒಂದು ಇನ್‌ಗೆ ಸೇರಿಸಲೇಬೇಡಿ, ಉಪಕರಣ ಹಾಳಾಗಬಹುದು.

ನನ್ನನ್ನು ನಿಜಕ್ಕೂ ಕಾಡಿದ್ದು ‘ಗುಂಯ್’ ಎನ್ನುವ ಸದ್ದು. ಸ್ಪೀಕರ್ ಒಂದು ಗೋಡೆಯ ಸಾಕೆಟ್‌ನಲ್ಲಿತ್ತು, ಕಂಪ್ಯೂಟರ್ ಇನ್ನೊಂದರಲ್ಲಿ. ಎಲ್ಲವನ್ನೂ ಅರ್ಥಿಂಗ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ತಂದೆ, ಸದ್ದು ನಿಂತಿತು. ಇದಕ್ಕಾಗಿ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ. ದಯವಿಟ್ಟು ಬೇಡ, ಅದು ಜೀವ ಕಾಯುವ ಪಿನ್.

ಸಬ್‌ವೂಫರ್‌ನ ಕ್ರಾಸ್‌ಓವರ್ ಗುಂಡಿಯನ್ನು (ಎಷ್ಟು ಹರ್ಟ್ಸ್‌ಗಿಂತ ಕೆಳಗಿನ ದನಿ ಸಬ್‌ವೂಫರ್‌ಗೆ ಎಂದು ಹೇಳುವ ಗುಂಡಿ) 80 ಹರ್ಟ್ಸ್‌ನಿಂದ ಆರಂಭಿಸಿ. 3 ಇಂಚಿನ ಪುಟ್ಟ ಸ್ಪೀಕರ್‌ಗಳಾದರೆ 100ರಿಂದ 120ರವರೆಗೆ ಬೇಕಾದೀತು. ಸಬ್‌ವೂಫರ್‌ನ ಫೇಸ್ ಸ್ವಿಚ್ಚನ್ನು (ಅದರ ದನಿಯ ಅಲೆಯನ್ನು ಸ್ಪೀಕರ್‌ನ ಅಲೆಗೆ ಹೊಂದಿಸುವ ಸ್ವಿಚ್) 0 ಮತ್ತು 180 ಎರಡರಲ್ಲೂ ಇಟ್ಟು, ನೀವು ಕೂರುವ ಜಾಗದಿಂದಲೇ ತಬಲಾದ ಬಾಯಾ (ದಪ್ಪ ದನಿಯ ಭಾಗ) ಕೇಳಿ. ನಾದ ತುಂಬಿ ಬರುವ ಕಡೆ ಬಿಟ್ಟುಬಿಡಿ.

ಆನ್ ಮಾಡುವಾಗ ಸ್ಪೀಕರ್ ಕೊನೆಗೆ, ಆಫ್ ಮಾಡುವಾಗ ಮೊದಲಿಗೆ.